ರಾಜನ ಮೇಜಿನ ಬಳಿ ಒಂದು ಜಾಗ

ವಾಕ್ಯಭಾಗ: 2 ಸಮುವೇಲ 9:1-13



ರಜೆ ಬಂತು ಅಂದ್ರೆ ಟೂರ್ ಮಾತು ಶುರು. ಅಳದಂಗಡಿಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದವರು ಊರಿನ ಮಕ್ಕಳನ್ನ ಬಿಡದಿಯ ವಂಡರ್‌ಲಾಗೆ ಕರ್ಕೊಂಡು ಹೋಗ್ತೀರಿ. ಒಳ್ಳೇದು. ಆದರೆ ಆ ಮಕ್ಕಳಲ್ಲಿ ಒಬ್ಬ ವ್ಹೀಲ್‌ಚೇರ್ ಬಳಸುವವನಿದ್ದರೆ? "ಪಾಪ, ಅವನಿಗೆ ಕಷ್ಟ ಆಗುತ್ತೆ, ಮನೇಲೇ ಇರಲಿ" ಅಂತೀವಿ. ಅವನನ್ನ ಮಾತ್ರ ಯಾರೂ ಕೇಳೋದಿಲ್ಲ.

ಮೆಫೀಬೋಶೆತನಿಗೆ ಐದು ವರ್ಷ ಇದ್ದಾಗ ದಾದಿಯ ಕೈಯಿಂದ ಬಿದ್ದು ಎರಡೂ ಕಾಲು ಕುಂಟಾದವು. ಆಮೇಲೆ ಲೋದೆಬಾರಿನಲ್ಲಿ, ಬೇರೆಯವರ ಮನೆಯಲ್ಲಿ ಇದ್ದ. ದಾವೀದ ಅವನಿಗೆ ಮೂರು ಕೆಲಸ ಮಾಡಿದ.

1. ವಿಚಾರಿಸಿದ (ವಚನ 1)

ನಾವೂ ಮೊದಲು ವಿಚಾರಿಸಬೇಕು. ಟಿಕೆಟ್ ಬುಕ್ ಮಾಡೋ ಮುಂಚೆ ಪಾರ್ಕಿಗೆ ಫೋನ್ ಮಾಡಿ: ರ‍್ಯಾಂಪ್ ಎಲ್ಲೆಲ್ಲಿದೆ? ಟಾಯ್ಲೆಟ್ ಬಾಗಿಲಲ್ಲಿ ವ್ಹೀಲ್‌ಚೇರ್ ಹೋಗುತ್ತಾ? ಯಾವ ರೈಡಿಗೆ ಇವನು ಹತ್ತಬಹುದು? ದೊಡ್ಡ ರೈಡ್‌ಗಳಲ್ಲಿ ಸಾಮಾನ್ಯವಾಗಿ ಚೇರ್ ಬಿಟ್ಟು ರೈಡಿನ ಸೀಟಿಗೆ ಬರಬೇಕು, ನೆಟ್ಟಗೆ ಕೂರಬೇಕು, ಗಟ್ಟಿಯಾಗಿ ಹಿಡ್ಕೊಳ್ಳಬೇಕು. ರೈಡ್ ಮಧ್ಯದಲ್ಲಿ ನಿಂತುಹೋದರೆ ಮೆಟ್ಟಿಲಿಳಿದು ಬರಬೇಕಾಗಬಹುದು. ಅದಕ್ಕೇ ಕೆಲವು ಕಡೆ ಬೇಡ ಅಂತಾರೆ. ಇದು ಗೇಟಿನಲ್ಲಿ ಅಲ್ಲ, ಮನೆಯಲ್ಲೇ ಗೊತ್ತಾದರೆ ಮಗುವಿನ ಮನಸ್ಸು ಮುರಿಯೋದಿಲ್ಲ. ಮುಖ್ಯವಾಗಿ, ಮಗುವನ್ನೇ ಕೇಳಿ: "ನಿಂಗೆ ಏನ್ ಇಷ್ಟ?"

2. ಕರೆತರಿಸಿದ (ವಚನ 5)

ದಾವೀದ "ಬೇಕಿದ್ರೆ ಬರಲಿ" ಅನ್ನಲಿಲ್ಲ, ಆಳು ಕಳಿಸಿದ. ಘಾಟಿ ಇಳಿದು ಹತ್ತಿ ಬಿಡದಿಗೆ ಹೋಗೋದು ದೂರ ಅನಿಸಿದರೆ ಮೂಡುಬಿದಿರೆ ದಾರಿಯಲ್ಲಿ ಪಿಲಿಕುಳ ಇದೆ. ಅಲ್ಲಿ ಪ್ರಾಣಿಸಂಗ್ರಹಾಲಯ, ಕೆರೆ, ತಾರಾಲಯ ಎಲ್ಲಾ ಇದೆ. ಏರು ದಾರಿಯಲ್ಲಿ ಚೇರ್ ತಳ್ಳೋಕೆ ಇಬ್ಬರು ಮೊದಲೇ ಒಪ್ಪಿಕೊಳ್ಳಿ. ಆ ಒಂದು ದಿನ ತಾಯಿಯ ಕೈಗೆ ವಿಶ್ರಾಂತಿ ಸಿಗಲಿ. ಆದರೆ ಕೇಳದೆ ಮಗುವನ್ನ ಎತ್ತಬೇಡಿ. ಆ ಚೇರ್ ಅವನ ಕಾಲಿದ್ದ ಹಾಗೆ.

3. ಮೇಜಿಗೆ ಕೂರಿಸಿದ (ವಚನ 13)

ಕೊನೇ ವಚನ ಗಮನಿಸಿ. ಅವನು ದಿನಾಲೂ ರಾಜನ ಮೇಜಿನಲ್ಲಿ ಊಟ ಮಾಡ್ತಿದ್ದ, ಅವನ ಎರಡೂ ಕಾಲು ಕುಂಟಾಗಿಯೇ ಇದ್ದವು. ಕಾಲು ಬದಲಾಗಲಿಲ್ಲ, ಜಾಗ ಬದಲಾಯ್ತು!

ನಮ್ಮ ದೇವರು ಸ್ವಸ್ಥಪಡಿಸುವ ದೇವರು, ಹಲ್ಲೆಲೂಯ. ಪ್ರಾರ್ಥನೆ ನಿಲ್ಲಿಸಬೇಡಿ. ಆದರೆ ಆಟಕ್ಕೆ ಬಂದ ಮಗುವಿಗೆ ಕ್ಯೂನಲ್ಲೇ ತಲೆ ಮೇಲೆ ಕೈಯಿಟ್ಟು "ನಂಬಿಕೆ ಇದ್ರೆ ಎದ್ದು ನಿಲ್ಲು" ಅನ್ನೋದು ಪ್ರೀತಿಯಲ್ಲ. ವಾಸಿಯಾದ ಮೇಲೆ ಸಂತೋಷ ಅಂತ ನಾವು ಷರತ್ತು ಹಾಕಿದರೆ, ದಾವೀದ ಹಾಕದ ಷರತ್ತನ್ನ ನಾವು ಹಾಕಿದ ಹಾಗಾಯ್ತು.

ಮನರಂಜನೆಯಲ್ಲಿ ಎಲ್ಲರ ಸಮಾನವಾಗಿ ಭಾಗವಹಿಸೋದು ಹಕ್ಕು ಅಂತ ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತೆ. ಕಾನೂನೇ ಇಷ್ಟು ಹೇಳುವಾಗ ಕೃಪೆಯಲ್ಲಿ ಬದುಕುವ ನಾವು ಹಿಂದೆ ಬೀಳೋದಾ?

ಈ ವಾರದ ಕೆಲಸ: ನಿಮ್ಮ ಸಭೆಯಲ್ಲಿ, ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಟೂರ್‌ಗೆ ಯಾರೂ ಕರೆಯದ ಒಂದು ಮಗು ಯಾರು? ಹೋಗಿ ಕೇಳಿ. ಕರ್ತನು ನಿಮ್ಮನ್ನ ಆಶೀರ್ವದಿಸಲಿ. ಆಮೆನ್.