ಗಿಳಿಯೊಳಗಿನ ಪ್ರಾಣ

ಏಳು ಸಮುದ್ರದಾಚೆ ಒಂದು ಮರ, ಮರದ ಮೇಲೆ ಗಿಳಿ, ಆ ಗಿಳಿಯಲ್ಲಿ ರಾಕ್ಷಸನ ಪ್ರಾಣ. ಈ ಕಥೆಯನ್ನು ನಾವೆಲ್ಲ ಚಿಕ್ಕವರಿದ್ದಾಗ ಕೇಳಿದ್ದೇವೆ. ರಷ್ಯಾದ ಕಥೆಗಳಲ್ಲೂ ಕೊಶ್ಚೇಯ್ ಅಂತ ಒಬ್ಬ ಬರ್ತಾನೆ. ಅವನ ಪ್ರಾಣ ಮೊಟ್ಟೆಯಲ್ಲಿ, ಮೊಟ್ಟೆ ಬಾತುಕೋಳಿಯೊಳಗೆ, ಬಾತುಕೋಳಿ ಮೊಲದೊಳಗೆ! ಹೀಗೆ ಕಥೆಯಿಂದ ಕಥೆಗೆ ಮತ್ತೆ ಮತ್ತೆ ಬರುವ ತುಣುಕನ್ನು ಜಾನಪದ ಅಧ್ಯಯನದಲ್ಲಿ ‘ಆಶಯ’ ಅಂತಾರೆ. ಅಮೆರಿಕದ ಸ್ಟಿತ್ ಥಾಂಪ್ಸನ್ 1932ರಿಂದ 1936ರವರೆಗೆ ಆರು ಸಂಪುಟಗಳಲ್ಲಿ ಇವಕ್ಕೆಲ್ಲ ನಂಬರ್ ಕೊಟ್ಟರು, ಲೈಬ್ರರಿ ಪುಸ್ತಕಗಳಿಗೆ ಕೊಡೋ ಹಾಗೆ. ದೇಹದ ಹೊರಗಿನ ಪ್ರಾಣ ಅಂದರೆ ಇ710.

ಆದರೆ ಗಿಳಿಯ ಗುಟ್ಟು ರಾಜಕುಮಾರನಿಗೆ ಗೊತ್ತಾಗೋದು ಹೇಗೆ? ಸೆರೆಯಲ್ಲಿರುವ ರಾಜಕುಮಾರಿಯಿಂದ. “ನೀನು ಸತ್ತರೆ ನನ್ನ ಗತಿ ಏನು?” ಅಂತ ಅವಳು ಅತ್ತಾಗ ರಾಕ್ಷಸ ಕರಗಿ ಎಲ್ಲಾ ಹೇಳಿಬಿಡ್ತಾನೆ. ಇದಕ್ಕೂ ನಂಬರ್ ಇದೆ: ಕೆ975.2. ಕೆ ವಿಭಾಗ ಪೂರ್ತಿ ಮೋಸಗಳದ್ದು. ನಮಗಂತೂ ಇದು ಅನ್ಯಾಯ ಅನ್ನಿಸ್ತು. ಕತ್ತಿ ಇಲ್ಲ, ಕುದುರೆ ಇಲ್ಲ, ಮಾತು ಬಿಟ್ಟರೆ ಅವಳ ಹತ್ತಿರ ಇನ್ನೇನಿತ್ತು?

ರಷ್ಯಾದ ಒಂದು ಕಥೆಯಲ್ಲಿ ಸೆರೆಯಲ್ಲಿರೋದು ನಾಯಕನ ತಾಯಿ. ಕೊಶ್ಚೇಯ್ ಮೊದಲು, ನನ್ನ ಪ್ರಾಣ ಹೊಸ್ತಿಲ ಹತ್ತಿರದ ಪೊರಕೆಯಲ್ಲಿದೆ ಅಂತ ಸುಳ್ಳು ಹೇಳ್ತಾನೆ. ಅವಳು ಆ ಪೊರಕೆಗೇ ಚಿನ್ನದ ಲೇಪ ಹಾಕಿ ಇಡ್ತಾಳೆ. ಇನ್ನೊಂದು ಸುಳ್ಳು ಹೇಳ್ತಾನೆ, ಅದಕ್ಕೂ ಚಿನ್ನ. ಆಮೇಲೇ ಮೊಟ್ಟೆಯ ವಿಷಯ ಹೊರಗೆ ಬರೋದು.