ಭೂಮಿಯ ಅಡಿಯ ಮಗ್ಗುಲಲ್ಲಿ ಏನಿದೆ?

ಭೂಗೋಳದ ಪಾಠ ನಡೆಯುತ್ತಿದ್ದ ಒಂದು ಮಧ್ಯಾಹ್ನ ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರ್, ಭೂಮಿಯು ತಟ್ಟೆಯ ಹಾಗೆ ಚಪ್ಪಟೆಯಾಗಿದ್ದರೆ ಅದರ ಅಡಿಯ ಮಗ್ಗುಲಲ್ಲಿ ಏನಿರುತ್ತಿತ್ತು?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು, “ಭೂಮಿ ಗುಂಡಗಿದೆಯೆಂದು ಪುಸ್ತಕದಲ್ಲಿ ಬರೆದಿದೆಯಲ್ಲವೆ? ಕುಳಿತುಕೋ” ಎಂದೆನು. ಅವಳು ಕುಳಿತಳು, ಆ ವರುಷವೆಲ್ಲ ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ. ನಾನು ಹೇಳಿದುದು ನಿಜ; ಆದರೆ ಅದು ಅವಳ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಅಂದು ಹೇಳಬೇಕಾಗಿದ್ದ ಪಾಠವನ್ನು ಈ ಸಂಚಿಕೆಯ ಮೂಲಕ ಹೇಳಿ, ಆ ಸಾಲವನ್ನು ತೀರಿಸಬೇಕೆಂದಿದ್ದೇನೆ.

ಮೊದಲು ಪೂರ್ವಿಕರ ಊಹೆಗಳನ್ನು ನೋಡೋಣ. ನಮ್ಮ ಪುರಾಣಗಳು ಭೂಮಿಯ ಕೆಳಗೆ ಅತಲದಿಂದ ಪಾತಾಳದವರೆಗೆ ಏಳು ಲೋಕಗಳನ್ನು ಹೇಳುತ್ತವೆ. ಆದಿಶೇಷನೂ ದಿಗ್ಗಜಗಳೂ ಭೂಮಿಯನ್ನು ಹೊತ್ತಿರುವರೆಂದು ವರ್ಣಿಸುತ್ತವೆ. ಮುಳುಗಿದ ಸೂರ್ಯನು ರಾತ್ರಿಯಲ್ಲಿ ದೋಣಿಯೇರಿ ಅಧೋಲೋಕವನ್ನು ದಾಟಿ ಮೂಡಣಕ್ಕೆ ಬರುವನೆಂದು ಐಗುಪ್ತದವರು ನಂಬಿದ್ದರು. ಗ್ರೀಕರಲ್ಲಿ ಥೇಲೀಸನು ಭೂಮಿಯು ನೀರಿನ ಮೇಲೆ ತೇಲುತ್ತಿದೆಯೆಂದನು. ಅನಾಕ್ಸಿಮಿನೀಸನು ಅದು ಗಾಳಿಯ ಮೇಲೆ ನಿಂತಿದೆಯೆಂದನು. ಕ್ಸೆನೋಫನೀಸನು ಕೆಳಭಾಗಕ್ಕೆ ಕೊನೆಯೇ ಇಲ್ಲವೆಂದನು.

ಈ ಊಹೆಗಳಲ್ಲೆಲ್ಲ ಒಂದು ತೊಡಕುಂಟು. ಭೂಮಿಯನ್ನು ನೀರು ಹೊತ್ತಿದ್ದರೆ ನೀರನ್ನು ಹೊತ್ತವರಾರು? ಈ ತೊಡಕನ್ನು ನಮ್ಮವರೇ ಆದ ಭಾಸ್ಕರಾಚಾರ್ಯರು 1150ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ ರಚಿಸಿದ ‘ಸಿದ್ಧಾಂತಶಿರೋಮಣಿ’ಯಲ್ಲಿ ಸ್ಪಷ್ಟವಾಗಿ ಎತ್ತಿ ತೋರಿಸಿದರು. ಅವರ ವಾದದ ಸಾರವಿಷ್ಟು: ಭೂಮಿಗೊಂದು ಆಧಾರ ಬೇಕಾದರೆ ಆ ಆಧಾರಕ್ಕೆ ಮತ್ತೊಂದು ಬೇಕು, ಅದಕ್ಕೆ ಇನ್ನೊಂದು, ಕಡೆಯದೊಂದು ತನ್ನ ಶಕ್ತಿಯಿಂದಲೇ ನಿಲ್ಲುವುದೆಂದು ಒಪ್ಪುವುದಾದರೆ, ಆ ಶಕ್ತಿಯನ್ನು ಮೊದಲು ಭೂಮಿಗೇ ಏಕೆ ಒಪ್ಪಬಾರದು? ಅವರಿಗೂ ಬಹು ಹಿಂದೆ, ಕ್ರಿಸ್ತಪೂರ್ವ 6ನೆಯ ಶತಮಾನದಲ್ಲಿ, ಅನಾಕ್ಸಿಮ್ಯಾಂಡರನೆಂಬ ಗ್ರೀಕನು ಭೂಮಿಗೆ ಯಾವ ಆಧಾರವೂ ಇಲ್ಲವೆಂದಿದ್ದನು. ಅವನ ಭೂಮಿಯು ಗುಂಡಗಿರಲಿಲ್ಲ, ನಗಾರಿಯ ಆಕಾರದ್ದಾಗಿತ್ತು. ಅದರ ದಪ್ಪವು ಅಗಲದ ಮೂರನೆಯ ಒಂದು ಪಾಲು. ಅದರ ಒಂದು ಮುಖದ ಮೇಲೆ ನಾವು ನಡೆದಾಡುತ್ತೇವೆ, ಇನ್ನೊಂದು ಮುಖವು ಎದುರುಗಡೆ ಇದೆಯೆಂದನು. ನಮ್ಮ ಹುಡುಗಿಯ ಪ್ರಶ್ನೆ ಹಾಸ್ಯಾಸ್ಪದವಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಎದುರು ಮುಖದಲ್ಲಿ ಜನರಿದ್ದರೆ ಅವರು ಬೀಳುವುದಿಲ್ಲವೆ? ಭೂಮಿಯು ಗುಂಡಗಿದೆಯೆಂದರೂ ಈ ಸಂದೇಹವು ಹೋಗುವುದಿಲ್ಲ. 4ನೆಯ ಶತಮಾನದ ಆದಿಯಲ್ಲಿ ಲ್ಯಾಕ್ಟಾಂಷಿಯಸನೆಂಬ ಕ್ರೈಸ್ತ ಪಂಡಿತನು, ಕಾಲು ಮೇಲಾಗಿ ತಲೆ ಕೆಳಗಾಗಿ ನಿಲ್ಲುವ ಮನುಷ್ಯರೂ ಮೇಲ್ಮುಖವಾಗಿ ಸುರಿಯುವ ಮಳೆಯೂ ಉಂಟೆಂದು ನಂಬುವ ಮೂಢರಿರುವರೇ ಎಂದು ಪರಿಹಾಸ್ಯ ಮಾಡಿದನು. ಭೂಮಿಯು ಗುಂಡಗಿದ್ದರೂ ಆಚೆಯ ಮಗ್ಗುಲಲ್ಲಿ ಮನುಷ್ಯರಿರಬೇಕಾಗಿಲ್ಲವೆಂದು ಸಂತ ಅಗಸ್ಟೀನನು ವಾದಿಸಿದನು. ಇಂದು ಸ್ಪೇನ್ ದೇಶದಿಂದ ಭೂಮಿಯ ನಡುವಿನ ಮೂಲಕ ನೇರವಾಗಿ ರಂಧ್ರ ಕೊರೆದರೆ ನ್ಯೂಜಿಲೆಂಡಿನಲ್ಲಿ ಹೊರಬೀಳುವೆವೆಂದು ಬಲ್ಲೆವು. ಅಲ್ಲಿ ಜನರು ಹಾಯಾಗಿ ಬಾಳುತ್ತಿದ್ದಾರೆ. ದೊಡ್ಡ ಪಂಡಿತರೂ ತಪ್ಪುವುದುಂಟೆಂಬುದನ್ನು ಮಕ್ಕಳಿಗೆ ಹೇಳಲು ನಾವು ಅಂಜಬಾರದು. 499ರ ಸುಮಾರಿನಲ್ಲಿ ಆರ್ಯಭಟರು, ಕದಂಬದ ಹೂಗೊಂಚಲನ್ನು ಸುತ್ತಲೂ ಎಸಳುಗಳು ಮುತ್ತಿರುವಂತೆ ಭೂಗೋಳವನ್ನು ಜೀವಿಗಳು ಮುತ್ತಿವೆಯೆಂದಿದ್ದರು. ಎದುರು ಮಗ್ಗುಲಿನವರು ನೀರಿನ ದಡದಲ್ಲಿ ಕಾಣುವ ನಮ್ಮ ಪ್ರತಿಬಿಂಬದಂತೆ ತಲೆಕೆಳಗಾಗಿದ್ದರೂ ನಮ್ಮಂತೆಯೇ ನಿರಾತಂಕವಾಗಿ ಇರುವರೆಂದು ಭಾಸ್ಕರರು ತಿಳಿಸಿದರು.

ಅವರು ಬೀಳದಿರುವುದೇಕೆ? ಈ ಪಾಠದ ತಿರುಳು ಇಲ್ಲಿದೆ. ‘ಕೆಳಗೆ’ ಎಂಬುದು ಜಗತ್ತಿಗೆಲ್ಲ ಒಂದೇ ಆದ ದಿಕ್ಕಲ್ಲ. ಭೂಮಿಯ ದ್ರವ್ಯರಾಶಿಯು ನಮ್ಮನ್ನು ಸೆಳೆಯುವ ಕಡೆಗೆ ‘ಕೆಳಗೆ’ ಎಂದು ಹೆಸರಿಟ್ಟಿದ್ದೇವೆ. ದ್ರವ್ಯವು ದ್ರವ್ಯವನ್ನು ಸೆಳೆಯುವ ಈ ನಿಯಮವನ್ನು ನ್ಯೂಟನನು 1687ರಲ್ಲಿ ಪ್ರಕಟಿಸಿದನು.

ಈಗ ಹುಡುಗಿಯ ಪ್ರಶ್ನೆಗೆ ನೇರವಾಗಿ ಬರೋಣ. ತಟ್ಟೆಯಂತಹ ಭೂಮಿಯೊಂದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರಿ. ನಮ್ಮ ಭೂಮಿಯಷ್ಟೇ ಸಾಂದ್ರವಾದ ದ್ರವ್ಯದಿಂದ ಅದನ್ನು ಮಾಡಿ, ನಮಗೆ ಈಗಿರುವಷ್ಟೇ ತೂಕವು ಅದರ ನಡುವೆಯೂ ಇರಬೇಕೆಂದರೆ, ಲೆಕ್ಕದಂತೆ ಆ ತಟ್ಟೆಯು 4,200 ಕಿಲೋಮೀಟರಿಗಿಂತಲೂ ದಪ್ಪವಾಗಿರಬೇಕು. ಅದರ ಅಡಿಯ ಮುಖದಲ್ಲಿ ಏನಿರುವುದು? ಮೇಲಿನ ಮುಖದಲ್ಲಿ ಇರಬಹುದಾದುದೆಲ್ಲವೂ ಅಲ್ಲಿಯೂ ಇರಬಹುದು! ತಟ್ಟೆಯು ಎರಡು ಮುಖಗಳಿಂದಲೂ ಒಳಕ್ಕೆ ಸೆಳೆಯುವುದರಿಂದ ಅಲ್ಲಿಯೂ ನೀರು ನಿಲ್ಲುವುದು, ಗಾಳಿ ಅಂಟಿಕೊಂಡಿರುವುದು, ಮನುಷ್ಯರು ನಡೆದಾಡುವರು. ಆದರೆ ಅಂಚಿಗೆ ಹೋದಂತೆಲ್ಲ ಸೆಳೆತವು ನಡುವಿನ ಕಡೆಗೆ ಓರೆಯಾಗುವುದು. ಸಮತಟ್ಟಾದ ನೆಲದಲ್ಲಿಯೇ ನಡೆಯುತ್ತಿದ್ದರೂ ಬೆಟ್ಟ ಹತ್ತಿದಂತೆ ಕಾಲು ಸೋಲುವುದು. ಸಮುದ್ರಗಳು ಅಂಚಿನಿಂದ ಚೆಲ್ಲಿಹೋಗುವುದಕ್ಕೆ ಬದಲಾಗಿ ಎರಡೂ ಮುಖಗಳ ನಡುವೆ ಬಂದು ಗುಡ್ಡೆಯಾಗುವುವು.

ಅಂತಹ ತಟ್ಟೆಯು ಬಹುಕಾಲ ತಟ್ಟೆಯಾಗಿಯೂ ಉಳಿಯದು. ಮಂಗಳಗ್ರಹದ ಉಪಗ್ರಹವಾದ ಫೋಬೋಸ್ ಸುಮಾರು 22 ಕಿಲೋಮೀಟರು ಅಡ್ಡಳತೆಯದು. ಅದು ಆಲೂಗೆಡ್ಡೆಯಂತೆ ಸೊಟ್ಟಗಿದೆ. ಆದರೆ ಸಾವಿರಾರು ಕಿಲೋಮೀಟರು ಅಳತೆಯ ಪಿಂಡದಲ್ಲಿ ಅದರ ಸ್ವಂತ ತೂಕವನ್ನು ಬಂಡೆಯೂ ತಾಳಲಾರದು. ಅಂಚುಗಳು ಒಳಕ್ಕೆ ಕುಸಿದು ಪಿಂಡವು ಗುಂಡಗಾಗುವುದು. ಹೀಗೆ ತಟ್ಟೆಯ ಅಡಿಯಲ್ಲಿ ಏನಿದೆಯೆಂದು ಬಿಡದೆ ವಿಚಾರಿಸುತ್ತ ಹೋದವನು ಕಡೆಗೆ ಗೋಳವನ್ನೇ ಸೇರುತ್ತಾನೆ. ಪುಸ್ತಕದಲ್ಲಿರುವ ಮಾತು ಅದೇ. ಆದರೆ ಈಗ ಅದು ಅವನ ಸ್ವಂತ ಆಸ್ತಿ.

ಇದನ್ನು ಕಣ್ಣಿನಿಂದಲೂ ಪರೀಕ್ಷಿಸಬಹುದು. ಬೆಂಗಳೂರಿನಲ್ಲಿ ಧ್ರುವನಕ್ಷತ್ರವು ಕ್ಷಿತಿಜದಿಂದ ಸುಮಾರು 13 ಅಂಶ ಮಾತ್ರ ಎತ್ತರದಲ್ಲಿದೆ. ದೆಹಲಿಯಲ್ಲಿ 28 ಅಂಶಕ್ಕೂ ಮಿಕ್ಕಿ ಕಾಣುವುದು. ನಮಗೆ ಚಳಿಗಾಲದ ರಾತ್ರಿಗಳಲ್ಲಿ ತೆಂಕಣದಲ್ಲಿ ಹೊಳೆಯುವ ಅಗಸ್ತ್ಯನಕ್ಷತ್ರವು ಲಂಡನ್ ನಗರದವರಿಗೆ ಎಂದೂ ಕಾಣದು. ಚಂದ್ರಗ್ರಹಣದಲ್ಲಿ ಭೂಮಿಯ ನೆರಳಿನ ಅಂಚು ಯಾವಾಗಲೂ ದುಂಡಗಿರುವುದನ್ನು ಅರಿಸ್ಟಾಟಲನು ಆಗಲೇ ಗಮನಿಸಿದ್ದನು. 1972ರ ಡಿಸೆಂಬರಿನಲ್ಲಿ ಅಪೋಲೋ 17ರ ಯಾತ್ರಿಕರು ತೆಗೆದ ಚಿತ್ರದಲ್ಲಿ ಇಡೀ ಗೋಳವೇ ಬೆಳಗುತ್ತಿದೆ.

ಹಾಗಾದರೆ ನಿಜವಾಗಿಯೂ ನಮ್ಮ ಅಡಿಯಲ್ಲಿ ಏನಿದೆ? ಬೆಂಗಳೂರಿಗೆ ನೇರ ಎದುರಾದ ಸ್ಥಳವು ಶಾಂತಸಾಗರದಲ್ಲಿದೆ. ಪೆರು ದೇಶದ ತೀರಕ್ಕೆ ಪಶ್ಚಿಮದಲ್ಲಿ ಬಹುದೂರ, ಈಸ್ಟರ್ ದ್ವೀಪಕ್ಕೆ ಉತ್ತರದಲ್ಲಿ. ನಮಗೆ ನಡುಹಗಲಾದಾಗ ಅಲ್ಲಿ ನಡುರಾತ್ರಿ. ಆ ನೀರಿನ ಮೇಲೆ ಹಡಗೊಂದು ಸಾಗುತ್ತಿದ್ದರೆ ಅದರ ನಾವಿಕನಿಗೆ ನಾವೇ ಅಡಿಯ ಮಗ್ಗುಲಿನವರು.

ಈ ಶಾಲೆಯಲ್ಲಿ ಓದಿ ಇಂದು ತಾಯಂದಿರಾಗಿರುವ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಂದೆತಾಯಿಗಳೂ ಈ ನನ್ನ ಬಿನ್ನಹವನ್ನು ಮನಸ್ಸಿನಲ್ಲಿಡಬೇಕು. ನಿಮ್ಮ ಮನೆಯ ಮಗುವು ವಿಚಿತ್ರವಾದ ಪ್ರಶ್ನೆಯೊಂದನ್ನು ಕೇಳಿದಾಗ, ನಗುವುದಕ್ಕೆ ಮುಂಚೆ ಅದರೊಡನೆ ಎರಡು ಹೆಜ್ಜೆ ನಡೆಯಿರಿ. ಆ ನನ್ನ ಶಿಷ್ಯೆಯು ಇದನ್ನು ಓದುತ್ತಿದ್ದರೆ ಅವಳಿಗೆ ಹೇಳತಕ್ಕ ಮಾತು ಒಂದೇ: ಮಗೂ, ಎದ್ದು ನಿಲ್ಲು, ನಿನ್ನ ಮುಂದಿನ ಪ್ರಶ್ನೆಯನ್ನು ಕೇಳು.