ಡ್ಯಾಮ್ ಎಲ್ಲಿ ಕಟ್ಟಬಾರದು? ನದಿಗೊಂದು ಎಲಿಜಿಬಿಲಿಟಿ ಟೆಸ್ಟ್

ಡ್ಯಾಮ್ ಎಲ್ಲಿ ಕಟ್ಟಬಹುದು ಅಂತ ಹುಡುಕೋಕೆ ಸಿವಿಲ್‌ನವರ ಹತ್ರ ಪುಸ್ತಕಗಟ್ಟಲೆ ವಿಧಾನ ಇದೆ. ಕಿರಿದಾದ ಕಣಿವೆ, ಗಟ್ಟಿ ಬಂಡೆ, ಬೇಕಾದಷ್ಟು ಕ್ಯಾಚ್‌ಮೆಂಟ್. ಎಲ್ಲಿ ಕಟ್ಟಬಾರದು ಅನ್ನೋದನ್ನೂ ಅಷ್ಟೇ ಕ್ರಮವಾಗಿ ನಿರ್ಧರಿಸೋಕೆ ಆಗುತ್ತಾ?

ಅಮೆರಿಕದಲ್ಲಿ ಇದಕ್ಕೊಂದು ಕಾನೂನೇ ಇದೆ. ಹೆಸರು ವೈಲ್ಡ್ ಅಂಡ್ ಸೀನಿಕ್ ರಿವರ್ಸ್ ಆ್ಯಕ್ಟ್. 1968ರ ಅಕ್ಟೋಬರ್ 2ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಇದಕ್ಕೆ ಸಹಿ ಹಾಕಿದರು. ಅದಕ್ಕೂ ಮುಂಚಿನ ದಶಕಗಳಲ್ಲಿ ಅಲ್ಲಿ ಒಂದರ ಹಿಂದೆ ಒಂದು ಡ್ಯಾಮ್ ಎದ್ದಿದ್ದವು. ಉಳಿದಿರೋ ನದಿಗಳನ್ನಾದ್ರೂ ಹರಿಯೋಕೆ ಬಿಡಿ ಅಂತ ವಾದಿಸಿದವರಲ್ಲಿ ಮುಖ್ಯರು ಜಾನ್ ಮತ್ತು ಫ್ರ್ಯಾಂಕ್ ಕ್ರೇಗ್‌ಹೆಡ್ ಅನ್ನೋ ಅವಳಿ ಸಹೋದರರು, ಇಬ್ಬರೂ ವನ್ಯಜೀವಿ ವಿಜ್ಞಾನಿಗಳು. ಮೊದಲ ಪಟ್ಟಿಯಲ್ಲಿ ಎಂಟು ನದಿಗಳಿದ್ದವು.

ಹೆಸರು ಕೇಳಿದ್ರೆ ಇದೇನೋ ನದಿಗಳ ಸೌಂದರ್ಯ ಸ್ಪರ್ಧೆ ಅನ್ನಿಸುತ್ತೆ. ಹಾಗಲ್ಲ. ಮೊದಲ ಪ್ರಶ್ನೆ ಒಂದೇ: ನೀರು ತಡೆಯಿಲ್ಲದೆ ಹರೀತಿದೆಯಾ? ನೋಡೋದು ಇಡೀ ನದಿಯನ್ನಲ್ಲ, ಅದರ ಒಂದು ಭಾಗವನ್ನು. ಆ ಭಾಗದಲ್ಲಿ ನೀರು ನಿಲ್ಲಿಸಿರಬಾರದು, ತಿರುಗಿಸಿರಬಾರದು, ಪಾತ್ರವನ್ನು ನೇರ ಮಾಡಿರಬಾರದು, ದಡಕ್ಕೆ ಕಲ್ಲು ಜೋಡಿಸಿರಬಾರದು. ಆದ್ರೆ ಒಂದು ಚಿಕ್ಕ ಒಡ್ಡು ಇದ್ದ ಮಾತ್ರಕ್ಕೆ ನದಿ ಫೇಲ್ ಆಗಲ್ಲ ಅಂತ ಕಾನೂನೇ ಹೇಳುತ್ತೆ. ಕನಿಷ್ಠ ಇಷ್ಟು ಉದ್ದ ಇರಬೇಕು, ಇಷ್ಟು ಡಿಸ್ಚಾರ್ಜ್ ಇರಬೇಕು ಅನ್ನೋ ನಿಯಮವೂ ಇಲ್ಲ.

ಎರಡನೇ ಪ್ರಶ್ನೆ: ಈ ಭಾಗದಲ್ಲಿ ಅಸಾಧಾರಣ ಅನ್ನಿಸೋ ಒಂದಾದ್ರೂ ಗುಣ ಇದೆಯಾ? ಒಂದು ಸಾಕು. ಅದು ನೋಟ ಆಗಬಹುದು, ಭೂರಚನೆ ಆಗಬಹುದು, ಮೀನು, ವನ್ಯಜೀವಿ, ಇತಿಹಾಸ, ಸಂಸ್ಕೃತಿ, ವಿಹಾರ ಯಾವುದೂ ಆಗಬಹುದು. ಆದ್ರೆ ಆ ಗುಣಕ್ಕೂ ನದಿಗೂ ಸಂಬಂಧ ಇರಬೇಕು, ಮತ್ತೆ ಸುತ್ತಲಿನ ಪ್ರದೇಶದ ಬೇರೆ ನದಿಗಳ ಜೊತೆ ಹೋಲಿಸಿ ನೋಡಿದಾಗ ಎದ್ದು ಕಾಣಬೇಕು. ನಮ್ಮೂರ ಹೊಳೆ ನಮಗೆ ಚೆಂದ ಅಂದ್ರೆ ಸಾಲದು.

ಇವೆರಡೂ ಪಾಸಾದ್ರೆ ನದಿ ಎಲಿಜಿಬಲ್. ಆಮೇಲೆ ಅದಕ್ಕೊಂದು ವರ್ಗ ಕೊಡ್ತಾರೆ: ವೈಲ್ಡ್, ಸೀನಿಕ್, ಅಥವಾ ರಿಕ್ರಿಯೇಷನಲ್. ತುಂಬಾ ಜನ ಎಡವೋದು ಇಲ್ಲೇ. ಈ ವರ್ಗಗಳಿಗೂ ಮೇಲೆ ಹೇಳಿದ ಗುಣಗಳಿಗೂ ಸಂಬಂಧವೇ ಇಲ್ಲ! ಅಳೆಯೋದು ದಡದಲ್ಲಿ ಮನುಷ್ಯ ಎಷ್ಟು ಕಟ್ಟಿದ್ದಾನೆ ಅನ್ನೋದನ್ನ. ಕಾಲುದಾರಿ ಬಿಟ್ರೆ ಹೋಗೋಕೆ ದಾರಿಯೇ ಇಲ್ಲದಿದ್ರೆ ಸಾಮಾನ್ಯವಾಗಿ ವೈಲ್ಡ್. ಅಲ್ಲಲ್ಲಿ ರಸ್ತೆ ಬಂದು ತಲುಪಿದ್ರೆ ಸೀನಿಕ್. ರಸ್ತೆ, ರೈಲು, ಒಂದಿಷ್ಟು ಕಟ್ಟಡ ಎಲ್ಲಾ ಇದ್ರೆ ರಿಕ್ರಿಯೇಷನಲ್, ಅಲ್ಲಿ ಒಬ್ಬರೂ ದೋಣಿ ಬಿಡದಿದ್ರೂ ಸರಿ.

ಮಿಸೌರಿ ನದಿಯನ್ನ ತಗೊಳ್ಳಿ. ಅದರ ಮೇಲೆ ಸಾಲುಸಾಲು ದೊಡ್ಡ ಡ್ಯಾಮ್‌ಗಳಿವೆ, ಕೆಳಗಡೆ ಹಡಗು ಓಡಿಸೋಕೆ ಅಂತ ಅದನ್ನ ಕಾಲುವೆ ಥರ ಮಾಡಿದ್ದಾರೆ. ಇದು ಪಾಸಾಗೋ ಚಾನ್ಸೇ ಇಲ್ಲ ಅನ್ನಿಸುತ್ತಲ್ವಾ? ಆದ್ರೆ ಗೇವಿನ್ಸ್ ಪಾಯಿಂಟ್ ಡ್ಯಾಮಿನಿಂದ ಕೆಳಗೆ ನೆಬ್ರಾಸ್ಕಾದ ಪೊಂಕಾವರೆಗೆ 59 ಮೈಲಿ ನದಿ ಇನ್ನೂ ಹಳೇ ಥರಾನೇ ಅಗಲವಾಗಿ, ಮರಳುದಿಬ್ಬ, ನಡುಗಡ್ಡೆಗಳ ನಡುವೆ ಹರಿಯುತ್ತೆ. ಆ ಮರಳಿನ ಮೇಲೆ ಪೈಪಿಂಗ್ ಪ್ಲೋವರ್ ಅನ್ನೋ ಅಪರೂಪದ ಹಕ್ಕಿ ಗೂಡು ಮಾಡುತ್ತೆ. 1804ರಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಪಶ್ಚಿಮಕ್ಕೆ ಹೋದದ್ದೂ ಇದೇ ದಾರಿಯಲ್ಲಿ. ನೀರು ಬಿಡೋದು ಮೇಲಿನ ಡ್ಯಾಮಿನ ಗೇಟೇ ಆದ್ರೂ ಈ ಭಾಗದೊಳಗೆ ಅದಕ್ಕೆ ತಡೆ ಇಲ್ಲ. 1978ರಲ್ಲಿ ಇದು ಪಟ್ಟಿಗೆ ಸೇರಿತು, ವರ್ಗ ರಿಕ್ರಿಯೇಷನಲ್.

ಎಲಿಜಿಬಲ್ ಆಗೋದು ಬೇರೆ, ಪಟ್ಟಿಗೆ ಸೇರೋದು ಬೇರೆ. ಪಿಯುಸಿಯಲ್ಲಿ ಸಾಕಷ್ಟು ಪರ್ಸೆಂಟ್ ಇದ್ರೆ ಕೌನ್ಸೆಲಿಂಗ್‌ಗೆ ಅರ್ಹತೆ, ಸೀಟು ಸಿಗೋದು ಆಮೇಲಿನ ಮಾತು ಅಂತ ನಮಗೆ ಗೊತ್ತಲ್ಲ, ಹಾಗೆ. ಮುಂದಿನ ಹಂತದಲ್ಲೇ ನಿಜವಾದ ಜಗಳ: ಜಮೀನು ಯಾರದ್ದು, ಸ್ಥಳೀಯರು ಏನಂತಾರೆ, ಖರ್ಚೆಷ್ಟು, ಆ ನೀರಿನಿಂದ ಬೇರೇನು ಉಪಯೋಗ. ಕೊನೆಗೆ ಹೆಚ್ಚಿನ ನದಿಗಳ ವಿಷಯದಲ್ಲಿ ತೀರ್ಮಾನ ಸಂಸತ್ತಿನದ್ದು.

ಈ ಎರಡು ಹಂತಗಳನ್ನ ಬೆರೆಸಬಾರದು ಅನ್ನೋದೇ ನನಗೆ ಇಡೀ ವಿಧಾನದ ಮುಖ್ಯ ಅಂಶ ಅನ್ನಿಸುತ್ತೆ. ‘ಇಲ್ಲಿ ಒಳ್ಳೇ ಪವರ್ ಪ್ರಾಜೆಕ್ಟ್ ಆಗುತ್ತೆ, ಬಿಡಿ’ ಅಂತ ಮೊದಲ ಹಂತದಲ್ಲೇ ಅಂದುಬಿಟ್ರೆ ನದಿಯ ಹೆಸರು ದಾಖಲೆಗೇ ಬರಲ್ಲ. ದಾಖಲೆಗೆ ಬಂದ್ರೆ, ಸರ್ಕಾರಿ ಭೂಮಿಯನ್ನ ನೋಡಿಕೊಳ್ಳೋ ಇಲಾಖೆ ತನ್ನ ಕೈಲಾದ ಮಟ್ಟಿಗೆ ತೀರ್ಮಾನ ಆಗೋವರೆಗೂ ಆ ಗುಣಗಳನ್ನ ಕಾಪಾಡುತ್ತೆ. ಪಟ್ಟಿಗೇ ಸೇರಿದ ಮೇಲಂತೂ ಆ ಭಾಗದಲ್ಲಿ ಹೊಸ ಜಲವಿದ್ಯುತ್ ಡ್ಯಾಮಿಗೆ ಲೈಸೆನ್ಸ್ ಕೊಡೋ ಹಾಗಿಲ್ಲ.

2019ರ ಲೆಕ್ಕದಲ್ಲಿ 226 ನದಿಗಳ 13,413 ಮೈಲಿ ಪಟ್ಟಿಯಲ್ಲಿತ್ತು. ದೇಶದ ಒಟ್ಟು ನದಿ ಉದ್ದದಲ್ಲಿ ಇದು ಅರ್ಧ ಪರ್ಸೆಂಟ್‌ಗಿಂತ ಕಮ್ಮಿ. ದೊಡ್ಡ ಡ್ಯಾಮ್‌ಗಳು ಬದಲಾಯಿಸಿರೋದು ಸುಮಾರು 17 ಪರ್ಸೆಂಟ್.